ನಿಮ್ಮ ದೇಹ ಕಲಿಸಿದ್ದು ಸಾಲದು: ಟ್ರೈನರ್ ಆಗುವವರು ಮೊದಲು ಏನು ಓದಬೇಕು?

ಪ್ರಶ್ನೆ: ನನಗೆ 26 ವರ್ಷ, ದಾವಣಗೆರೆಯವನು, ಬಿ.ಕಾಂ. ಮುಗಿಸಿದ್ದೇನೆ. ಹುಡುಗನಾಗಿದ್ದಾಗ ಗರಡಿ ಮನೆಗೆ ಹೋಗುತ್ತಿದ್ದೆ. ಈಗ ಕೆಲವು ವರ್ಷಗಳಿಂದ ಜಿಮ್‌ನಲ್ಲಿ ಭಾರ ಎತ್ತುತ್ತಿದ್ದೇನೆ. ‘ಸರ್ಟಿಫಿಕೇಟ್ ತೆಗೆದುಕೊಂಡು ಬಾ, ಟ್ರೈನರ್ ಕೆಲಸ ಕೊಡುತ್ತೇನೆ’ ಎಂದು ಜಿಮ್ ಮಾಲೀಕರು ಹೇಳಿದ್ದಾರೆ. ದಪ್ಪ ಪುಸ್ತಕವೊಂದನ್ನು ತರಿಸಿಕೊಂಡೆ. ಸ್ನಾಯುಗಳ ಅಧ್ಯಾಯದಲ್ಲೇ ಸಿಕ್ಕಿಬಿದ್ದಿದ್ದೇನೆ. ಇಷ್ಟೊಂದು ಲ್ಯಾಟಿನ್ ಹೆಸರುಗಳನ್ನು ಬಾಯಿಪಾಠ ಮಾಡಲೇಬೇಕೆ? ವಿಜ್ಞಾನ ಓದದವನಿಗೆ ಬುನಾದಿಯಾಗಿ ಏನೇನು ಗೊತ್ತಿರಬೇಕು? ಯಾವುದರಿಂದ ಶುರು ಮಾಡಲಿ?

ಉತ್ತರ: ಸ್ನಾಯುಗಳ ಅಧ್ಯಾಯವನ್ನು ಸದ್ಯಕ್ಕೆ ಮುಚ್ಚಿಡಿ. ಹೊಸದಾಗಿ ಬಂದವರ ಆರೋಗ್ಯ ವಿಚಾರಿಸುವುದು ಹೇಗೆ ಎಂಬ ಅಧ್ಯಾಯ ಅದೇ ಪುಸ್ತಕದಲ್ಲಿ ಎಲ್ಲೋ ಇರುತ್ತದೆ. ಅಲ್ಲಿಂದ ಶುರು ಮಾಡಿ. ದಂಡ, ಬಸ್ಕಿ ಹೊಡೆದು ಬೆಳೆದವರಿಗೆ ದೇಹದ ಅರಿವು ಕಡಿಮೆ ಇರುವುದಿಲ್ಲ. ಆದರೆ ಆ ಅರಿವೆಲ್ಲ ಒಂದೇ ಒಂದು ದೇಹದ್ದು. ವಯಸ್ಸು ಚಿಕ್ಕದು, ರೋಗವಿಲ್ಲ, ನೋವನ್ನು ಲೆಕ್ಕಕ್ಕಿಡುವುದಿಲ್ಲ. ದುಡ್ಡು ಕೊಟ್ಟು ಟ್ರೈನರನ್ನು ಇಟ್ಟುಕೊಳ್ಳುವವರಲ್ಲಿ ಅಂಥವರು ಕಡಿಮೆ.

ನಾಳೆ ನಿಮ್ಮೆದುರು ಬಂದು ಕೂರುವವರು ಹೀಗಿರಬಹುದು: 52 ವರ್ಷ, ಸ್ವಂತ ಬಟ್ಟೆ ಅಂಗಡಿ, ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕೂತಿರುವ ಕೆಲಸ, 78 ಕೆ.ಜಿ. ತೂಕ, ರಕ್ತದೊತ್ತಡಕ್ಕೊಂದು ಮಾತ್ರೆ, ಸಕ್ಕರೆಗೆ ಇನ್ನೊಂದು, ಎಡಮಂಡಿಯಲ್ಲಿ ಆಗಾಗ ನೋವು. ‘ಮೂರು ತಿಂಗಳಿಗೆ ಮಗಳ ಮದುವೆ, ಅಷ್ಟರೊಳಗೆ ಹೊಟ್ಟೆ ಕರಗಬೇಕು’ ಎನ್ನುತ್ತಾರೆ. ಇವರನ್ನು ಯಜಮಾನರು ಎಂದು ಕರೆಯೋಣ. ಟ್ರೈನರ್‌ಗೆ ಬೇಕಾದ ವಿದ್ಯೆ ಎಷ್ಟು ಎಂದು ಕೇಳಿದರೆ, ಈ ಯಜಮಾನರಿಗೆ ಕೆಡುಕಾಗದಂತೆ ಮೂರು ತಿಂಗಳು ವ್ಯಾಯಾಮ ಮಾಡಿಸಲು ಬೇಕಾದಷ್ಟು ಎನ್ನುತ್ತೇನೆ. ನಿಮ್ಮ ಪುಸ್ತಕವನ್ನು ಅವರನ್ನು ಎದುರಿಗೆ ಕೂರಿಸಿಕೊಂಡೇ ಓದಿ.

ಮೊದಲ ದಿನ ಅವರನ್ನು ಟ್ರೆಡ್‌ಮಿಲ್ ಹತ್ತಿಸುವುದಿಲ್ಲ, ಪ್ರಶ್ನೆ ಕೇಳುತ್ತೀರಿ. ಪಾರ್-ಕ್ಯೂ ಪ್ಲಸ್ ಎಂಬ ಪ್ರಶ್ನಾವಳಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರ ಮೊದಲ ಪುಟದಲ್ಲಿರುವುದು ಏಳೇ ಪ್ರಶ್ನೆಗಳು: ಹೃದಯದ ತೊಂದರೆ ಅಥವಾ ರಕ್ತದೊತ್ತಡ, ಎದೆನೋವು, ತಲೆಸುತ್ತು ಅಥವಾ ಪ್ರಜ್ಞೆ ತಪ್ಪುವುದು, ಬೇರೆ ದೀರ್ಘಕಾಲದ ಕಾಯಿಲೆ, ಈಗ ತೆಗೆದುಕೊಳ್ಳುತ್ತಿರುವ ಔಷಧ, ಮೂಳೆ-ಕೀಲುಗಳ ತೊಂದರೆ, ವೈದ್ಯರ ನಿಗಾದಲ್ಲಿ ಮಾತ್ರ ವ್ಯಾಯಾಮ ಮಾಡಬೇಕೆಂಬ ಸೂಚನೆ. ಒಂದಕ್ಕೆ ಹೌದು ಎಂದರೂ ಮುಂದಿನ ಪುಟಗಳಿಗೆ ಹೋಗಬೇಕು. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 2015ರಲ್ಲಿ ಪರಿಷ್ಕರಿಸಿದ ಕ್ರಮದಲ್ಲಿ ಮೂರು ಅಂಶಗಳನ್ನು ಒಟ್ಟಿಗೆ ನೋಡುತ್ತಾರೆ: ಈ ವ್ಯಕ್ತಿ ಈಗಾಗಲೇ ವ್ಯಾಯಾಮ ಮಾಡುತ್ತಿದ್ದಾರೆಯೇ, ಹೃದಯ, ಮೂತ್ರಪಿಂಡ ಅಥವಾ ಸಕ್ಕರೆಯ ಕಾಯಿಲೆ ಇಲ್ಲವೇ ಅದರ ಲಕ್ಷಣಗಳು ಇವೆಯೇ, ಎಷ್ಟು ಕಠಿಣವಾದ ವ್ಯಾಯಾಮ ಬೇಕೆನ್ನುತ್ತಿದ್ದಾರೆ. ಯಜಮಾನರಿಗೆ ಮಧುಮೇಹವಿದೆ, ವ್ಯಾಯಾಮದ ರೂಢಿಯಿಲ್ಲ. ವೈದ್ಯರ ಒಪ್ಪಿಗೆ ಬರುವವರೆಗೆ ನೀವು ಕಾಯುತ್ತೀರಿ, ಮಾಲೀಕರು ಎಷ್ಟೇ ಅವಸರಪಡಿಸಿದರೂ.

ಔಷಧದ ಪ್ರಶ್ನೆಯನ್ನು ನಮ್ಮ ಜಿಮ್‌ಗಳಲ್ಲಿ ಕೇಳುವವರೇ ಅಪರೂಪ. ‘ಬಿ.ಪಿ. ಮಾತ್ರೆ’ ಎಂದರೆ ಸಾಲದು, ಹೆಸರು ಬೇಕು. ಅದು ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ಆಗಿದ್ದರೆ ಬೀಟಾ ಬ್ಲಾಕರ್ ಗುಂಪಿಗೆ ಸೇರಿದ್ದು. ಇದು ಹೃದಯಬಡಿತ ಏರದಂತೆ ಹಿಡಿದಿಡುತ್ತದೆ. ಆಗ ವಯಸ್ಸಿನ ಲೆಕ್ಕದಲ್ಲಿ ಕಟ್ಟಿದ ಬಡಿತದ ಗುರಿಗಳೆಲ್ಲ ಕೆಲಸಕ್ಕೆ ಬಾರವು. ಕೈಗಡಿಯಾರ 105 ತೋರಿಸುತ್ತಿದೆ ಎಂದು ನೀವು ವೇಗ ಹೆಚ್ಚಿಸುತ್ತೀರಿ, ಯಜಮಾನರಾದರೋ ಆಗಲೇ ಸುಸ್ತಾಗಿರುತ್ತಾರೆ. ಸಕ್ಕರೆಯ ಮಾತ್ರೆಯದೂ ಹೀಗೆಯೇ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ವ್ಯಾಯಾಮದ ನಡುವೆ ಸಕ್ಕರೆ ಕುಸಿಯುವುದು ಕಡಿಮೆ; ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಆ ಅಪಾಯ ನಿಜ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ನಡುಕ, ಎದೆ ಹೊಡೆದುಕೊಳ್ಳುವುದು, ಬೆವರು, ಗೊಂದಲ. ಬೀಟಾ ಬ್ಲಾಕರ್ ಈ ಪೈಕಿ ನಡುಕವನ್ನೂ ಎದೆಬಡಿತವನ್ನೂ ಮರೆಮಾಚಬಹುದು. ಎರಡೂ ಮಾತ್ರೆ ನುಂಗುವವರಲ್ಲಿ ನಿಮಗೆ ಉಳಿಯುವ ಸುಳಿವು ಹೆಚ್ಚಾಗಿ ಬೆವರು ಮತ್ತು ತಡವರಿಸುವ ಮಾತು. ಸುಮಾರು 15 ಗ್ರಾಂ ಸಕ್ಕರೆ, ಎಂದರೆ ಮೂರು ಟೀ ಚಮಚದಷ್ಟನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ಮಸುಕಾಗಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಮಾತ್ರೆಯನ್ನು ಬದಲಿಸಿ, ಬಿಡಿ ಎಂದು ಹೇಳುವ ಹಕ್ಕು ನಿಮಗಿಲ್ಲ. ಅದು ಏನು ಮಾಡುತ್ತದೆ ಎಂದು ತಿಳಿದಿರುವ ಹೊಣೆ ಇದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೆಯ ವಯಸ್ಸಿಗೇ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಹೃದಯ ತಪಾಸಣೆಗೆ ಸಾಲು ಬೆಳೆದದ್ದು ನಿಮಗೆ ನೆನಪಿರಬಹುದು. ಜಿಮ್ ಎಂದರೆ ಅಪಾಯ ಎಂಬ ಮಾತು ಆಗ ಮನೆಮನೆಯಲ್ಲೂ ಹುಟ್ಟಿಕೊಂಡಿತು. ಯಾರಾದರೂ ನಿಮ್ಮನ್ನು ಕೇಳಿಯೇ ಕೇಳುತ್ತಾರೆ, ಆದ್ದರಿಂದ ಉತ್ತರ ಗೊತ್ತಿರಲಿ. ನಿಯಮಿತ ವ್ಯಾಯಾಮ ಒಟ್ಟಾರೆ ಹೃದಯಾಘಾತದ ಅಪಾಯವನ್ನು ತಗ್ಗಿಸುತ್ತದೆ. ಆದರೆ ಒಳಗೆ ಪತ್ತೆಯಾಗದ ಕಾಯಿಲೆ ಇದ್ದು, ರೂಢಿಯಿಲ್ಲದ ದೇಹ ಏಕಾಏಕಿ ಕಠಿಣ ಶ್ರಮಕ್ಕೆ ಇಳಿದರೆ ಆ ಹೊತ್ತಿನ ಮಟ್ಟಿಗೆ ಅಪಾಯ ಏರುತ್ತದೆ. ಮೊದಲ ವಾರಗಳನ್ನು ನಿಧಾನವಾಗಿ ಸಾಗಿಸುವುದು ಈ ಕಾರಣಕ್ಕೆ. ಮಾನ್ಯತೆಯುಳ್ಳ ಅಂತರರಾಷ್ಟ್ರೀಯ ಪರೀಕ್ಷೆಗಳು ಸಿ.ಪಿ.ಆರ್., ಎಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವ ತರಬೇತಿಯ ಪ್ರಮಾಣಪತ್ರ ಕೇಳುವುದೂ ಶಾಸ್ತ್ರಕ್ಕಲ್ಲ. ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತುವುದು, ಉಸಿರು ಕೊಡಲು ಬರುವವರಾದರೆ 30 ಒತ್ತಿಗೆ ಎರಡು ಉಸಿರು. ಇದನ್ನು ಓದಿ ಕಲಿಯಲಾಗದು. ಗೊಂಬೆಯ ಮೇಲೆ ಒತ್ತಿ, ತೋಳು ಸೋತಾಗಲೇ ಆ ಆಳ ಎಷ್ಟೆಂದು ತಿಳಿಯುವುದು.

ಈಗ ನಿಮ್ಮ ಲ್ಯಾಟಿನ್ ಹೆಸರುಗಳಿಗೆ ಬರೋಣ.

ದೇಹದಲ್ಲಿ ಆರುನೂರಕ್ಕೂ ಹೆಚ್ಚು ಸ್ನಾಯುಗಳಿವೆ. ನಿಮಗೆ ಬೇಕಾದದ್ದು ಅದರಲ್ಲಿ ನಲವತ್ತು-ಐವತ್ತು. ಪಟ್ಟಿ ಮಾಡಿ ಉರು ಹೊಡೆಯಬೇಡಿ. ಒಂದು ಕೀಲನ್ನು ಹಿಡಿದು, ಅದು ಎತ್ತ ಎತ್ತ ಚಲಿಸುತ್ತದೆ ಎಂದು ನೋಡಿ, ಪ್ರತಿ ಚಲನೆಗೆ ಯಾವ ಸ್ನಾಯು ಎಳೆಯುತ್ತದೆ ಎಂದು ಕೇಳಿ. ಸ್ನಾಯು ಎಳೆಯಬಲ್ಲದು, ತಳ್ಳಲಾರದು. ಎಲ್ಲಿ ಶುರುವಾಗಿ, ಯಾವ ಕೀಲನ್ನು ದಾಟಿ, ಎಲ್ಲಿ ಅಂಟಿಕೊಂಡಿದೆ ಎಂದು ಗೊತ್ತಾದರೆ ಅದರ ಕೆಲಸವನ್ನು ನೀವೇ ಹೇಳಬಲ್ಲಿರಿ. ತೊಡೆಯ ಮುಂಭಾಗದ ನಾಲ್ಕು ಸ್ನಾಯುಗಳಲ್ಲಿ ಮೂರು ಮಂಡಿಯನ್ನು ಮಾತ್ರ ದಾಟುತ್ತವೆ; ರೆಕ್ಟಸ್ ಫೆಮೊರಿಸ್ ಎಂಬುದೊಂದು ಸೊಂಟವನ್ನೂ ದಾಟುತ್ತದೆ. ಹಾಗಾಗಿ ಅದು ಮಂಡಿಯನ್ನು ನೆಟ್ಟಗೆ ಮಾಡುವುದರ ಜೊತೆಗೆ ತೊಡೆಯನ್ನೂ ಮೇಲೆತ್ತುತ್ತದೆ. ಯಜಮಾನರಂತೆ ದಿನವಿಡೀ ಕೂರುವವರಿಗೆ ಸೊಂಟವನ್ನು ಹಿಂದಕ್ಕೆ ಚಾಚಿ ಮಂಡಿ ಮಡಿಸಿದರೆ ತೊಡೆಯ ಮುಂಭಾಗ ಏಕೆ ಬಿಗಿಯುತ್ತದೆ ಎಂಬುದು ಇಷ್ಟರಿಂದಲೇ ಅರ್ಥವಾಗುತ್ತದೆ. ಭುಜದಲ್ಲಿ ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರಿಸ್ ಮೈನರ್, ಸಬ್‌ಸ್ಕ್ಯಾಪ್ಯುಲಾರಿಸ್ ಎಂಬ ನಾಲ್ಕು ಸಣ್ಣ ಸ್ನಾಯುಗಳು ತೋಳಿನ ಮೂಳೆಯ ಗುಂಡುತಲೆಯನ್ನು ಆಳವಿಲ್ಲದ ಗುಳಿಯಲ್ಲಿ ಹಿಡಿದಿಡುತ್ತವೆ. ಬೆಂಚ್ ಪ್ರೆಸ್ ಹುಚ್ಚು ಹಿಡಿದ ಹುಡುಗರು ಭುಜ ಹಿಡಿದುಕೊಂಡು ಬರುವಾಗ ಈ ನಾಲ್ಕರ ನೆನಪಾಗಬೇಕು.

ನಿಮಗೆ ಒಂದು ಅನುಕೂಲವಿದೆ. ದಂಡ, ಬಸ್ಕಿಗಳನ್ನು ನೀವು ಮಾಡಿ ಬಲ್ಲಿರಿ. ಅವನ್ನೇ ಬಿಡಿಸಿ ನೋಡಿ. ದಂಡದಲ್ಲಿ ಎದೆ, ತೋಳಿನ ಹಿಂಭಾಗ, ಭುಜದ ಮುಂಭಾಗ ದುಡಿಯುತ್ತವೆ, ಬೆನ್ನುಮೂಳೆ ಬಾಗಿ ಹಿಂದಕ್ಕೆ ಚಾಚುತ್ತದೆ. ಗರಡಿಯ ಬಸ್ಕಿಯಲ್ಲಿ ಹಿಮ್ಮಡಿ ನೆಲ ಬಿಡುತ್ತದೆ, ಮಂಡಿ ಬಹಳ ಮುಂದಕ್ಕೆ ಹೋಗುತ್ತದೆ, ಮಂಡಿಯ ಮೇಲೆ ಹೊರೆ ಹೆಚ್ಚುತ್ತದೆ. ವರ್ಷಗಟ್ಟಲೆ ಅಭ್ಯಾಸದಿಂದ ಪೈಲ್ವಾನರ ಮಂಡಿ ಅದಕ್ಕೆ ಒಗ್ಗಿರುತ್ತದೆ. ಯಜಮಾನರ ಮಂಡಿಗೆ ಅದು ಮೊದಲ ದಿನದ ವ್ಯಾಯಾಮವಲ್ಲ. ಅವರು ಎತ್ತರದ ಕುರ್ಚಿಯಿಂದ ಕೈ ಊರದೆ ಎದ್ದು ಕೂರಲಿ, ವಾರಗಳು ಕಳೆದಂತೆ ಕುರ್ಚಿ ತಗ್ಗಲಿ.

ಇಲ್ಲಿಯೇ ಬಲವಿಜ್ಞಾನದ ಒಂದೇ ಒಂದು ತತ್ವವನ್ನು ಗಟ್ಟಿ ಮಾಡಿಕೊಳ್ಳಿ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಊರಾಚೆಯಿಂದಲೂ ಹೊತ್ತು ತರಬಹುದು. ಅದನ್ನೇ ಕೈ ಚಾಚಿ ಹಿಡಿದರೆ ನಾಲ್ಕು ಹೆಜ್ಜೆ ಕಷ್ಟ. ತೂಕ ಅಷ್ಟೇ ಇದೆ, ಕೀಲಿನಿಂದ ಅದರ ದೂರ ಬದಲಾಗಿದೆ. ವ್ಯಾಯಾಮವನ್ನು ಸುಲಭಗೊಳಿಸುವ, ಕಠಿಣಗೊಳಿಸುವ ಉಪಾಯಗಳಲ್ಲಿ ಅರ್ಧದಷ್ಟು ಈ ದೂರದ ಆಟ. ಸ್ಕ್ವಾಟ್ ಮಾಡುವಾಗ ಮಂಡಿ ಕಾಲ್ಬೆರಳನ್ನು ದಾಟಲೇಬಾರದು ಎಂದು ಎಲ್ಲ ಜಿಮ್‌ಗಳಲ್ಲೂ ಕೂಗುತ್ತಾರೆ. ಮಂಡಿಯನ್ನು ಬಲವಂತವಾಗಿ ಹಿಂದೆ ತಡೆದರೆ ದೇಹ ಮುಂದಕ್ಕೆ ಬಾಗುತ್ತದೆ, ಮಂಡಿಯ ಹೊರೆ ಇಳಿದು ಸೊಂಟದ ಮೇಲೆ ಏರುತ್ತದೆ. ಯಾರಿಗೆ ಎಲ್ಲಿ ನೋವಿದೆ ಎಂಬುದರ ಮೇಲೆ ಆಯ್ಕೆ ಮಾಡಬೇಕಾದ ವಿಷಯವಿದು, ಎಲ್ಲರಿಗೂ ಹೇಳಬೇಕಾದ ನಿಷೇಧವಲ್ಲ. ಉದ್ದ ತೊಡೆಯವರಿಗಂತೂ ಆ ನಿಷೇಧವನ್ನು ಪಾಲಿಸಿ ಆಳಕ್ಕೆ ಕೂರುವುದೇ ಕಷ್ಟ.

ಶರೀರಕ್ರಿಯೆಯ ಅಧ್ಯಾಯ ವಿಜ್ಞಾನ ಓದದವರನ್ನು ಹೆದರಿಸುತ್ತದೆ, ಹೆದರಬೇಕಿಲ್ಲ. ಸ್ನಾಯುವಿಗೆ ಶಕ್ತಿ ಮೂರು ದಾರಿಗಳಲ್ಲಿ ಸಿಗುತ್ತದೆ: ಸುಮಾರು 10 ಸೆಕೆಂಡಿನ ಸ್ಫೋಟಕ್ಕೆ ಸಾಲುವ ಫಾಸ್ಫೇಟ್ ದಾಸ್ತಾನು, ಅಲ್ಲಿಂದ ಎರಡು ನಿಮಿಷದ ಆಸುಪಾಸಿನವರೆಗೆ ಆಮ್ಲಜನಕಕ್ಕೆ ಕಾಯದೆ ಗ್ಲೂಕೋಸ್ ಒಡೆಯುವ ದಾರಿ, ದೀರ್ಘ ಶ್ರಮಕ್ಕೆ ಆಮ್ಲಜನಕ ಬಳಸುವ ದಾರಿ. ಮೂರೂ ಯಾವಾಗಲೂ ಒಟ್ಟಿಗೇ ನಡೆಯುತ್ತವೆ, ಪಾಲು ಮಾತ್ರ ಬದಲಾಗುತ್ತದೆ. ಭಾರದ ಸೆಟ್‌ಗಳ ನಡುವೆ ಎರಡು-ಮೂರು ನಿಮಿಷ ವಿಶ್ರಾಂತಿ ಏಕೆ ಬೇಕೆಂದು ಗ್ರಾಹಕರಿಗೆ ಹೇಳಲು ಇಷ್ಟು ಸಾಕು. ಮರುದಿನದ ಮೈನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಸುಮಾರು ಒಂದು ಗಂಟೆಯೊಳಗೆ ರಕ್ತದಿಂದ ಸರಿದುಹೋಗುತ್ತದೆ. 24ರಿಂದ 72 ಗಂಟೆಗಳಲ್ಲಿ ತಲೆದೋರುವ ನೋವು ರೂಢಿಯಿಲ್ಲದ ಕೆಲಸದಿಂದ, ಅದರಲ್ಲೂ ಭಾರವನ್ನು ಇಳಿಸುವಾಗ, ಸ್ನಾಯುತಂತುಗಳಿಗೆ ಆಗುವ ಸೂಕ್ಷ್ಮ ಗಾಯದಿಂದ ಬರುವಂಥದ್ದು. ನೋವು ವಿಪರೀತವಾಗಿ, ಸ್ನಾಯು ಊದಿ, ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಅದು ರ್‍ಯಾಬ್ಡೊಮಯೊಲಿಸಿಸ್ ಇರಬಹುದು. ಒಡೆದ ಸ್ನಾಯುವಿನ ಪದಾರ್ಥ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ತಡಮಾಡದೆ ಆಸ್ಪತ್ರೆಗೆ ಕಳುಹಿಸಬೇಕು. ಹೊಸಬರನ್ನು ಮೊದಲ ದಿನವೇ ನೂರಾರು ಬಸ್ಕಿ ಹೊಡೆಸಿ ‘ಶಕ್ತಿ ನೋಡುವ’ ಪದ್ಧತಿ ನನಗೆ ಸಿಟ್ಟು ತರಿಸುವುದು ಇದಕ್ಕಾಗಿ.

ಹೃದಯಬಡಿತದ ಲೆಕ್ಕ ಪರೀಕ್ಷೆಯಲ್ಲಿ ಬರುತ್ತದೆ. 220ರಿಂದ ವಯಸ್ಸು ಕಳೆದರೆ ಯಜಮಾನರ ಗರಿಷ್ಠ ಬಡಿತ 168; 2001ರಲ್ಲಿ ತನಾಕಾ ಮತ್ತು ಸಂಗಡಿಗರು ಕೊಟ್ಟ ಸೂತ್ರದಂತೆ, ಎಂದರೆ ವಯಸ್ಸಿನ 0.7ರಷ್ಟನ್ನು 208ರಿಂದ ಕಳೆದರೆ, ಸುಮಾರು 172. ಎರಡೂ ಸರಾಸರಿಗಳೇ, ಒಬ್ಬ ವ್ಯಕ್ತಿಯಲ್ಲಿ ಹತ್ತು-ಹನ್ನೆರಡು ಬಡಿತ ಆಚೀಚೆಯಾಗುವುದು ಮಾಮೂಲು. ಕಾರ್ವೊನೆನ್ ವಿಧಾನದಲ್ಲಿ ವಿಶ್ರಾಂತಿಯ ಬಡಿತವನ್ನೂ ಸೇರಿಸುತ್ತಾರೆ. ಅವರದು 72 ಎಂದಿಟ್ಟುಕೊಳ್ಳಿ: 168ರಲ್ಲಿ 72 ಕಳೆದರೆ 96, ಅದರ ಶೇಕಡ 40ರಿಂದ 59ನ್ನು 72ಕ್ಕೆ ಕೂಡಿಸಿದರೆ 110ರಿಂದ 129. ಇದು ಮಧ್ಯಮ ಶ್ರಮದ ವಲಯ. ಬಿ.ಕಾಂ. ಓದಿದವರಿಗೆ ಈ ಲೆಕ್ಕ ಏನೂ ಅಲ್ಲ. ಆದರೆ ಯಜಮಾನರ ಮಾತ್ರೆಯನ್ನು ಮರೆಯಬೇಡಿ. ಅವರಿಗೆ ಮಾತಿನ ಪರೀಕ್ಷೆಯೇ ಸರಿ: ನಡೆಯುತ್ತಾ ಮಾತನಾಡಬಲ್ಲರು, ಹಾಡಲಾರರು ಎಂದರೆ ಮಧ್ಯಮ, ನಾಲ್ಕು ಪದಕ್ಕೊಮ್ಮೆ ಉಸಿರು ಎಳೆದುಕೊಂಡರೆ ಕಠಿಣ. ಜೊತೆಗೆ ‘ಹತ್ತಕ್ಕೆ ಎಷ್ಟು ಕಷ್ಟ?’ ಎಂದು ಅವರನ್ನೇ ಕೇಳುವ ಬೋರ್ಗ್ ಅಳತೆ.

ಕಾರ್ಯಕ್ರಮ ರೂಪಿಸುವುದು ಒಂದೇ ತತ್ವದ ಮೇಲೆ ನಿಂತಿದೆ: ದೇಹ ಯಾವ ಹೊರೆಗೆ ಒಳಗಾಗುತ್ತದೆಯೋ ಅದಕ್ಕೇ ಒಗ್ಗಿಕೊಳ್ಳುತ್ತದೆ, ಒಗ್ಗಿದ ಮೇಲೆ ಹೊರೆ ಏರಬೇಕು. ಎಷ್ಟು ಏರಬೇಕು? ಗೊತ್ತುಮಾಡಿದ ಸಂಖ್ಯೆಗಿಂತ ಒಂದೆರಡು ರೆಪ್ ಹೆಚ್ಚಿಗೆ ಸತತ ಎರಡು ದಿನ ಮಾಡಲು ಸಾಧ್ಯವಾದಾಗ ಶೇಕಡ 2ರಿಂದ 10ರಷ್ಟು ಏರಿಸಿ ಎಂಬುದು ಅಮೆರಿಕನ್ ಕಾಲೇಜಿನ 2009ರ ನಿಲುವು. ಹೊಸಬರ ಗರಿಷ್ಠ ಶಕ್ತಿಯನ್ನು ನೇರವಾಗಿ ಅಳೆಯಲು ಹೋಗಬೇಡಿ, 60 ಕೆ.ಜಿ.ಯನ್ನು ಎಂಟು ಬಾರಿ ಎತ್ತಿದರೆ ಗರಿಷ್ಠ ಸುಮಾರು 76 ಎಂದು ಎಪ್ಲಿ ಸೂತ್ರ ಅಂದಾಜು ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ. ಯಜಮಾನರಿಗೆ ಅದು ಗುರಿ, ಆರಂಭವಲ್ಲ. ಭಾರ ಎತ್ತುವಾಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಕ್ಷಣಕಾಲ ಜಿಗಿಯುತ್ತದೆ. ಎತ್ತುವಾಗ ಉಸಿರು ಬಿಡುವುದನ್ನು ಅವರಿಗೆ ಮೊದಲ ದಿನವೇ ಕಲಿಸಿ.

ಹೊಟ್ಟೆಯ ವಿಷಯ. ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬು ಮಾತ್ರ ಕರಗುವುದಿಲ್ಲ. ಇದನ್ನು ಮುಖಕ್ಕೆ ಹೇಳುವ ಧೈರ್ಯ ಬೇಕು, ಮದುವೆ ಹತ್ತಿರವಿದ್ದರೂ. ತೂಕಕ್ಕಿಂತ ಸೊಂಟದ ಸುತ್ತಳತೆಯನ್ನು ಬರೆದಿಡಿ: ಭಾರತೀಯ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಎಚ್ಚರದ ಗೆರೆ. ನಿಮ್ಮ ಅಮೆರಿಕದ ಪುಸ್ತಕದಲ್ಲಿರುವ ಅಂಕಿಗಳು ಇದಕ್ಕಿಂತ ದೊಡ್ಡವು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿ.ಎಂ.ಐ. ಕೂಡ ಹಾಗೆಯೇ, ಅಲ್ಲಿ 25ಕ್ಕೆ ಅಧಿಕ ತೂಕ ಶುರುವಾದರೆ, ನಮ್ಮವರಿಗೆ 23ಕ್ಕೇ ಶುರು. ಪರೀಕ್ಷೆಯಲ್ಲಿ ಪುಸ್ತಕದ ಅಂಕಿ ಬರೆಯಿರಿ, ಜಿಮ್‌ನಲ್ಲಿ ಇವನ್ನು ಬಳಸಿ.

ಆಹಾರದಲ್ಲಿ ನಿಮ್ಮ ಗಡಿ ಸ್ಪಷ್ಟವಾಗಿರಲಿ. ಸಾಮಾನ್ಯ ತಿಳಿವಳಿಕೆ ಕೊಡಬಹುದು. ಮಧುಮೇಹಕ್ಕೆ ಪಥ್ಯ ಬರೆದುಕೊಡುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಎಂದರೆ ಐ.ಸಿ.ಎಂ.ಆರ್., 2020ರಲ್ಲಿ ನಿಗದಿಪಡಿಸಿದ ಪ್ರೋಟೀನ್ ಪ್ರಮಾಣ ದೇಹದ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 0.83 ಗ್ರಾಂ; ಯಜಮಾನರಿಗೆ ಅದು 65 ಗ್ರಾಂ ಆಗುತ್ತದೆ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ 1.6 ಗ್ರಾಂವರೆಗೆ ಉಪಯೋಗವಿದೆ. ಮೂತ್ರಪಿಂಡದ ಸ್ಥಿತಿ ತಿಳಿಯದೆ ಮಧುಮೇಹಿಗಳಿಗೆ ಆ ಮಟ್ಟವನ್ನು ಸೂಚಿಸಬೇಡಿ. ನೂರು ಗ್ರಾಂ ರಾಗಿಯಲ್ಲಿ ಏಳು ಗ್ರಾಂ ಆಸುಪಾಸಿನಲ್ಲಿರುವ ಪ್ರೋಟೀನ್ ಹುರುಳಿಯಲ್ಲಿ ಅದರ ಮೂರರಷ್ಟಿದೆ ಎಂಬಂಥ ಮಾತುಗಳು ಡಬ್ಬಿಯ ಪುಡಿಯ ಜಾಹೀರಾತಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತವೆ. ಪುಡಿ ಮಾರಿ ಕಮಿಷನ್ ತೆಗೆದುಕೊಳ್ಳುವ ಪ್ರಲೋಭನೆ ನಿಮಗೂ ಎದುರಾಗುತ್ತದೆ. ಸ್ಟೆರಾಯ್ಡ್ ಚುಚ್ಚುಮದ್ದಿನ ಮಾತೆತ್ತುವ ಹಿರಿಯ ಟ್ರೈನರ್‌ಗಳೂ ಸಿಗುತ್ತಾರೆ. ಅಂಥ ಕಡೆ ಕೆಲಸ ಕಲಿಯಲು ನಿಲ್ಲಬೇಡಿ.

ಜನರೊಂದಿಗೆ ನಡೆದುಕೊಳ್ಳುವ ಅಧ್ಯಾಯವನ್ನು ಹುಡುಗರು ಹಾರಿಸುತ್ತಾರೆ. ಪ್ರಶ್ನೆಪತ್ರಿಕೆ ಹಾರಿಸುವುದಿಲ್ಲ. ಪ್ರೊಚಾಸ್ಕ ಮತ್ತು ಡಿಕ್ಲೆಮೆಂಟೆ ಎಂಬ ಮನೋವಿಜ್ಞಾನಿಗಳು ಅಭ್ಯಾಸ ಬದಲಾವಣೆಯ ಹಂತಗಳನ್ನು ಗುರುತಿಸಿದ್ದಾರೆ: ಯೋಚಿಸಿಯೇ ಇಲ್ಲದವರು, ಯೋಚಿಸುತ್ತಿರುವವರು, ತಯಾರಾದವರು, ಶುರು ಮಾಡಿದವರು, ಉಳಿಸಿಕೊಂಡವರು. ಯಾರು ಎಲ್ಲಿದ್ದಾರೆಂದು ತಿಳಿದು ಮಾತನಾಡಬೇಕು. ಇನ್ನೊಂದು, ಯಾರ ಮೈಯನ್ನಾದರೂ ಮುಟ್ಟಿ ಭಂಗಿ ತಿದ್ದುವ ಮೊದಲು ಕೇಳಿ. ಹೆಣ್ಣುಮಕ್ಕಳಿಗೆ ಮಾತ್ರವಲ್ಲ, ಎಲ್ಲರಿಗೂ.

ಯಾವ ಸರ್ಟಿಫಿಕೇಟ್ ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಕ್ರೀಡೆ ಮತ್ತು ಫಿಟ್‌ನೆಸ್ ಕ್ಷೇತ್ರದ ಕೌಶಲ್ಯ ಮಂಡಳಿ ಎಸ್.ಪಿ.ಇ.ಎಫ್.ಎಲ್.-ಎಸ್.ಸಿ. ಫಿಟ್‌ನೆಸ್ ಟ್ರೈನರ್ ಹುದ್ದೆಗೆ ರಾಷ್ಟ್ರೀಯ ಮಾನದಂಡ ನಿಗದಿಪಡಿಸಿದೆ. ಹೊರದೇಶದ ಪ್ರಮಾಣಪತ್ರಗಳಲ್ಲಿ 1985ರಲ್ಲಿ ಶುರುವಾದ ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಜ್, ಎಂದರೆ ಎ.ಸಿ.ಇ., ಇಲ್ಲಿ ಹೆಸರಾದದ್ದು. ಪರೀಕ್ಷೆಯಲ್ಲಿ 150 ಬಹು ಆಯ್ಕೆಯ ಪ್ರಶ್ನೆಗಳು, ಮೂರು ಗಂಟೆ; 800ಕ್ಕೆ 500 ಬಂದರೆ ಉತ್ತೀರ್ಣ; ಎರಡು ವರ್ಷಕ್ಕೊಮ್ಮೆ ಮುಂದುವರಿದ ಕಲಿಕೆ ತೋರಿಸಿ ನವೀಕರಿಸಬೇಕು. 1961ರಲ್ಲಿ ಆರಂಭವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋರ್ಸ್‌ಗಳನ್ನು ಹಲವರು ಇದರ ಜೊತೆ ಬೆರೆಸುತ್ತಾರೆ. ಅವು ಕುಸ್ತಿ, ಅಥ್ಲೆಟಿಕ್ಸ್‌ನಂಥ ಕ್ರೀಡೆಗಳ ತರಬೇತುದಾರರಿಗೆ. ವಾರಾಂತ್ಯದಲ್ಲಿ ಎರಡು ದಿನ ಕೂರಿಸಿ ಚಿನ್ನದ ಬಣ್ಣದ ಮುದ್ರೆ ಒತ್ತಿ ಕೊಡುವ ಕಾಗದಗಳಿಗೆ ದುಡ್ಡು ಸುರಿಯಬೇಡಿ.

ಎ.ಸಿ.ಇ.ಗೆ ಕೂರುವುದಾದರೆ ಇಂಗ್ಲಿಷ್ ಅಡ್ಡಬರುತ್ತದೆ ಎಂದು ಅನಿಸಬಹುದು. ಅದರ ಪ್ರಶ್ನೆಗಳಲ್ಲಿ ಬಹುಪಾಲು ಸನ್ನಿವೇಶಗಳು: ಇಂಥ ವಯಸ್ಸಿನ, ಇಂಥ ಮಾತ್ರೆ ತೆಗೆದುಕೊಳ್ಳುವ ಒಬ್ಬರು ಬಂದಿದ್ದಾರೆ, ಮೊದಲು ಏನು ಮಾಡುತ್ತೀರಿ? ಪ್ರತಿ ಅಧ್ಯಾಯ ಮುಗಿದ ಮೇಲೆ ಅದನ್ನು ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲಿ ವಿವರಿಸಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಅರ್ಥವಾಗಿಲ್ಲ ಎಂದು ಲೆಕ್ಕ. ಓದುವ ಕ್ರಮ ಹೀಗಿರಲಿ: ಆರೋಗ್ಯ ವಿಚಾರಣೆ, ಸಿ.ಪಿ.ಆರ್., ಆಮೇಲೆ ಕೀಲು-ಸ್ನಾಯು, ಶರೀರಕ್ರಿಯೆ, ಕಾರ್ಯಕ್ರಮ ರಚನೆ, ಕೊನೆಗೆ ಆಹಾರ. ಕೆಲಸದ ಜೊತೆ ಓದುವವರಿಗೆ ನಾಲ್ಕೈದು ತಿಂಗಳು ಹಿಡಿಯುತ್ತದೆ. ಶುಲ್ಕ ಕಟ್ಟುವ ಮೊದಲು ಮಾಲೀಕರಿಂದ ಎರಡು ಮಾತು ತಿಳಿದುಕೊಳ್ಳಿ: ಯಾವ ಪ್ರಮಾಣಪತ್ರವನ್ನು ಒಪ್ಪುತ್ತಾರೆ, ಕೆಲಸಕ್ಕೆ ಸೇರಿದ ಮೇಲೆ ಹೊಸಬರ ವಿಚಾರಣೆಗೆ ಅರ್ಧ ಗಂಟೆ ಬಿಡುತ್ತಾರೆಯೇ. ಎರಡನೆಯದಕ್ಕೆ ಅವರು ನಕ್ಕರೆ, ಬೇರೆ ಜಿಮ್ ಹುಡುಕಲು ನಿಮಗೆ ಆ ನಾಲ್ಕೈದು ತಿಂಗಳಿವೆ.